ತಲೆಕೆಳಗಾದ ಆನೆ

ಒಂಬತ್ತು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬ ಮನುಷ್ಯ ತನ್ನ ಅಕ್ಕನ ಗಂಡನ ಎದುರು ಚದುರಂಗದ ಹಲಗೆಗೆ ಕೂತು, ಸೋತು, ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರುತ್ತಿದ್ದ. ಸೋಲುವುದೇನು ದೊಡ್ಡ ವಿಷಯವಲ್ಲ, ಆಟ ಅಂದಮೇಲೆ ಯಾರಾದರೊಬ್ಬರು ಸೋಲಬೇಕು. ಆದರೆ ಇವನು ಸೋತಾಗಲೆಲ್ಲ ಇವನ ಹೆಂಡತಿಗೆ ಸಲ್ಲಬೇಕಾದ ಕ್ಷಮೆಯೊಂದು ಕೋರ್ಟಿನ ವಾಯಿದೆಯ ಹಾಗೆ ಇನ್ನೊಂದು ವಾರ ಮುಂದಕ್ಕೆ ಹೋಗುತ್ತಿತ್ತು. ಒಂಬತ್ತು ವರ್ಷಕ್ಕೆ ಎಷ್ಟು ಭಾನುವಾರವಾಯಿತು ಎಂದು ನೀವೇ ಗುಣಿಸಿಕೊಳ್ಳಿ. ಅವನು ಗುಣಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಅವನ ಕೆಲಸ ಹೊಲಿಗೆ ಮಿಷಿನ್ ರಿಪೇರಿ. ಕ್ಲಬ್ಬಿನಲ್ಲಿ ಎಲ್ಲರೂ ಅವನನ್ನು ಬಾಬಿನ್ ಎನ್ನುತ್ತಿದ್ದರು. ಬಾಬಿನ್ ಎಂದರೆ ಮಿಷಿನ್ನಿನ ಹೊಟ್ಟೆಯೊಳಗೆ ಕೂತು ದಾರ ಬಿಡುವ ಆ ಪುಟ್ಟ ಗಾಲಿ. ಮೇಲೆ ಸೂಜಿ ಕುಣಿದ ಹಾಗೆ ಕೆಳಗೆ ಸುತ್ತುವುದೇ ಅದರ ಕೆಲಸ. ಹೆಸರಿಟ್ಟವರು ಭಾವನೇ. ಇವನಿಗೂ ಅದು ಎಷ್ಟು ಒಗ್ಗಿಹೋಗಿತ್ತೆಂದರೆ, ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಎರಡು ಸಲ ಕೂಗಬೇಕಾಗುತ್ತಿತ್ತು. ಕುಳ್ಳು ದೇಹ, ಎಣ್ಣೆ ಹಿಡಿದ ಬೆರಳು, ಬೈದರೂ ಹೊಗಳಿದರೂ ಒಂದೇ ರೀತಿ ಅರಳುವ ಮುಖ. ಇಂಥವರನ್ನು ಊರು ಒಳ್ಳೆಯವರು ಎನ್ನುತ್ತದೆ. ಹಾಗೆನ್ನುವುದರಿಂದ ಊರಿಗೇನೂ ಖರ್ಚಿಲ್ಲ.

ಭಾವ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಬಸ್ಸು ಎರಡು ನಿಮಿಷ ತಡವಾಗಿ ಬಂದರೆ ಡ್ರೈವರನನ್ನು ಕಿಟಕಿಯ ಮುಂದೆ ನಿಲ್ಲಿಸಿಕೊಂಡು ಹತ್ತು ನಿಮಿಷ ಮಂಗಳಾರತಿ ಮಾಡುವ ಪೈಕಿ. ಆ ಹತ್ತು ನಿಮಿಷದ ತಡವನ್ನು ಮಾತ್ರ ಯಾವ ರಿಜಿಸ್ಟರಿನಲ್ಲೂ ಬರೆಯುತ್ತಿರಲಿಲ್ಲ. ಗ್ರಂಥಾಲಯದ ಮಹಡಿಯ ಮೇಲಿದ್ದ ಚದುರಂಗದ ಕ್ಲಬ್ಬಿಗೂ ಹದಿನೈದು ವರ್ಷದಿಂದ ಅವರೇ ಸೆಕ್ರೆಟರಿ. ಆರು ಮೇಜು, ಹನ್ನೆರಡು ಕುರ್ಚಿ, ಆ ಹನ್ನೆರಡರಲ್ಲಿ ಮೂರು ಕುಂಟುವಂಥವು. ಹೊಸದಾಗಿ ಸೇರಿದವರನ್ನು ಆ ಮೂರರಲ್ಲೇ ಕೂರಿಸಬೇಕೆಂಬುದು ಭಾವನ ಅಪ್ಪಣೆ. ಬಾಬಿನ್ ಹಳಬನಾದರೂ ಅವನ ಕುರ್ಚಿ ಬದಲಾಗಿರಲಿಲ್ಲ.

ಇನ್ನು ಆ ಕ್ಷಮೆಯ ಕಥೆ. ಬಾಬಿನ್ ಜನ್ಮದಲ್ಲಿ ಒಂದೇ ಒಂದು ಧೈರ್ಯದ ಕೆಲಸ ಮಾಡಿದ್ದ. ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದಕ್ಕೆ ಮಿಷಿನ್ ನೋಡಲು ಹೋಗುತ್ತಿದ್ದವನು, ಮೂರನೆಯ ಮಿಷಿನ್ನಿನ ಹೆಂಗಸನ್ನು ಮೆಚ್ಚಿ, ನೇರವಾಗಿ ಕೇಳಿ, ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿದ್ದ. ಅವಳಿಗೆ ಅದು ಎರಡನೆಯ ಮದುವೆ. ಮೊದಲ ಗಂಡ ಕುಡುಕ. ಎರಡು ವರ್ಷ ಸಹಿಸಿ ಅವಳೇ ಬಿಟ್ಟು ಬಂದಿದ್ದಳು. ಇದನ್ನು ಅವಳು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ.

ಮದುವೆಯಾದ ಮೂರನೆಯ ತಿಂಗಳು ಅಕ್ಕನ ಮನೆಯಲ್ಲಿ ಊಟ. ಭಾವನ ಕಡೆಯ ಏಳೆಂಟು ಜನ ಬಂಧುಗಳೂ ಇದ್ದರು. ಭಾವನಿಗೆ ಕೇಳುವವರು ಸಿಕ್ಕರೆ ಸಾಕು, ನಾಲಿಗೆಗೆ ಲಗಾಮಿಲ್ಲ.

"ನಮ್ಮ ಭಾಮೈದನ ಹತ್ರ ಹೊಸದು ಅಂತ ಏನಿದೆ ಹೇಳಿ ನೋಡೋಣ? ಸ್ಕೂಟರ್ ಸೆಕೆಂಡ್ ಹ್ಯಾಂಡು. ರೇಡಿಯೋ ಸೆಕೆಂಡ್ ಹ್ಯಾಂಡು. ಅಂಗಡೀಲಿರೋ ಮಿಷಿನ್ನೆಲ್ಲ ಸೆಕೆಂಡ್ ಹ್ಯಾಂಡು. ಇನ್ನು ಹೆಂಡತಿ ವಿಷಯ ನಾನು ಹೇಳಲ್ಲಪ್ಪ, ಇಲ್ಲೇ ಕೂತಿದ್ದಾಳೆ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಬಾಬಿನ್ ಕೂಡ ನಕ್ಕ. ನಗುವೆನ್ನುವಂಥ ನಗುವೇನಲ್ಲ, ಹಲ್ಲು ಕಂಡಿತು ಅಷ್ಟೇ ಎಂದು ಅವನು ಆಮೇಲೆ ತನಗೆ ತಾನೇ ನೂರು ಸಲ ಹೇಳಿಕೊಂಡ. ಆ ಹಲ್ಲು ಪಕ್ಕದಲ್ಲಿ ಕೂತಿದ್ದ ಹೆಂಡತಿಗೂ ಕಂಡಿತ್ತು. ಅವಳು ಅರ್ಧ ಊಟದಲ್ಲಿ ಎದ್ದು, ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದಳು. ಬಾಬಿನ್ ಊಟ ಮುಗಿಸಿಯೇ ಎದ್ದ, ಎಲ್ಲರ ಮುಂದೆ ರಂಪವಾಗಬಾರದೆಂದು.

ಮನೆಗೆ ಬಂದರೆ ಅವಳು ಅಳಲಿಲ್ಲ, ಕೂಗಾಡಲಿಲ್ಲ. "ಅವರು ಇಲ್ಲಿಗೆ ಬಂದು ನನ್ನ ಹತ್ರ ತಪ್ಪಾಯ್ತು ಅನ್ನಬೇಕು. ಅಲ್ಲೀವರೆಗೆ ನಾನು ಆ ಮನೆ ಮೆಟ್ಟಿಲು ಹತ್ತಲ್ಲ" ಎಂದಳು. "ನೀವು ಹೋಗಿ ಹೇಳಿ."

ಬಾಬಿನ್ ಹೋದ. ಹೇಳಲು ಬಾಯಿ ಬರಲಿಲ್ಲ. ಕ್ಲಬ್ಬಿನಲ್ಲಿ ಆಟದ ಮಧ್ಯೆ, ತಮಾಷೆಯ ಧಾಟಿಯಲ್ಲಿ, "ಅವಳು ಸ್ವಲ್ಪ ಬೇಜಾರು ಮಾಡ್ಕೊಂಡಿದ್ದಾಳೆ ಭಾವ" ಎಂದ. ಭಾವ ಹಲಗೆಯಿಂದ ತಲೆಯೆತ್ತದೆ, "ಹೌದಾ? ಸರಿ, ನೀನು ನನ್ನನ್ನ ಒಂದೇ ಒಂದು ಆಟ ಸೋಲಿಸು. ಅವತ್ತೇ ನಿನ್ನ ಮನೆಗೆ ಬಂದು ಕ್ಷಮೆ ಕೇಳ್ತೀನಿ. ಸಾಕಾ?" ಎಂದರು. ಸುತ್ತ ಇದ್ದವರು ನಕ್ಕರು. ಬಾಬಿನ್ ಮಾತ್ರ ಆ ಮಾತನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಓಡಿಬಂದ.

"ಒಪ್ಕೊಂಡ್ರು ಕಣೆ! ಒಂದು ಆಟ ಗೆದ್ದರೆ ಸಾಕಂತೆ!"

ಹೆಂಡತಿ ಅವನ ಮುಖ ನೋಡಿದಳು. "ಸರಿ, ಗೆದ್ದು ಬನ್ನಿ" ಎಂದಳು.

ಮೊದಲ ಎರಡು ವರ್ಷ ಪ್ರತಿ ಭಾನುವಾರ "ಏನಾಯ್ತು?" ಎಂದು ಕೇಳುತ್ತಿದ್ದಳು. ಆಮೇಲೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿನಲ್ಲೇ ಫಲಿತಾಂಶ ಗೊತ್ತಾಗಿ, ಸುಮ್ಮನೆ ತಟ್ಟೆ ಇಡುತ್ತಿದ್ದಳು. ಬಾಬಿನ್ ಅಷ್ಟೂ ವರ್ಷ ಕಷ್ಟಪಟ್ಟ. ಅಂಗಡಿಯ ಮೇಜಿನ ಒಂದು ಮೂಲೆಯಲ್ಲಿ ಸಣ್ಣ ಹಲಗೆಯಿಟ್ಟುಕೊಂಡು, ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಕುದುರೆ. ಹಳೇ ಪುಸ್ತಕದಂಗಡಿಯಿಂದ ಚದುರಂಗದ ಪುಸ್ತಕ ತಂದು ಓದಿದ. ಹೆಂಡತಿಗಾಗಿ ತಾನು ಎಷ್ಟು ಒದ್ದಾಡುತ್ತಿದ್ದೇನೆ ಎಂದು ಆಗಾಗ ಅವನಿಗೇ ಕಣ್ಣು ತುಂಬಿ ಬರುತ್ತಿತ್ತು. ಡಿಪೋ ಎರಡೇ ಬೀದಿ ಆಚೆಗಿತ್ತು. ಹೋಗಿ ಕಿಟಕಿಯ ಮುಂದೆ ನಿಂತು "ಭಾವ, ನೀವು ಆಡಿದ್ದು ತಪ್ಪು, ಬಂದು ಕ್ಷಮೆ ಕೇಳಿ" ಎನ್ನಲು ಯಾವ ಪುಸ್ತಕವನ್ನೂ ಓದಬೇಕಾಗಿರಲಿಲ್ಲ. ಆ ದಾರಿ ಅವನ ತಲೆಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಾಗಲೆಲ್ಲ ಅವನು ಇನ್ನೊಂದು ಪುಸ್ತಕ ಕೊಳ್ಳುತ್ತಿದ್ದ.

ಭಾವನ ಆಟದಲ್ಲಿ ಒಂದು ಕೆಟ್ಟ ಚಾಳಿಯಿತ್ತು. ಎದುರಾಳಿಯ ಮಂತ್ರಿಯನ್ನು ಹೊಡೆದರೆ, ಮಿಕ್ಕ ಕಾಯಿಗಳ ಜೊತೆ ಮೇಜಿನ ಮೇಲಿಡದೆ, ಅಂಗಿಯ ಜೇಬಿಗೆ ಇಳಿಸಿಬಿಡುತ್ತಿದ್ದರು. ಮುಂದೆ ಎದುರಾಳಿಯ ಕಾಲಾಳು ಹಲಗೆಯ ಆಚೆ ಕೊನೆ ಮುಟ್ಟಿ ಮಂತ್ರಿಯಾಗಿ ಬಡ್ತಿ ಪಡೆಯುವಾಗ, ಅವನು ಕೈಯೊಡ್ಡಿ "ಮಂತ್ರಿ ಕೊಡಿ" ಎಂದು ಬೇಡಬೇಕು. ಬೇಡಿದರೆ ಭಾವ ಎಲ್ಲ ಜೇಬು ತಡಕಾಡಿ, ಅವನ ಆಟದ ಗಡಿಯಾರದಲ್ಲಿ ಹೊತ್ತು ಕಳೆದು, ಕೊನೆಗೆ ಕೊಡುತ್ತಿದ್ದರು. ಈ ಕಾಟ ತಾಳಲಾರದೆ ಜನ ಒಂದು ಉಪಾಯ ಕಂಡುಕೊಂಡರು. ಹೊಡೆತ ತಿಂದು ಪಕ್ಕದಲ್ಲಿ ಬಿದ್ದಿರುವ ಆನೆಯನ್ನು ತೆಗೆದು ಬೋರಲು ಹಾಕಿಬಿಡುವುದು. ತಲೆಕೆಳಗಾದ ಆನೆ ಎಂದರೆ ಮಂತ್ರಿ. ಭಾವ ಅದನ್ನೂ ತಮ್ಮ ಉಪಕಾರವೆಂಬಂತೆ ಟೈಪ್ ಮಾಡಿಸಿ, ಗೋಡೆಯ ಮೇಲಿನ ನಿಯಮಗಳಿಗೆ ಸೇರಿಸಿದ್ದರು: "೭. ಬಡ್ತಿಯ ಸಮಯದಲ್ಲಿ ಮಂತ್ರಿಯು ಕೈಗೆ ಸಿಗದಿದ್ದಲ್ಲಿ, ತಲೆಕೆಳಗಾಗಿ ಇಟ್ಟ ಆನೆಯನ್ನೇ ಮಂತ್ರಿ ಎಂದು ಪರಿಗಣಿಸತಕ್ಕದ್ದು." ಕ್ರಮೇಣ ಬೇರೆಯವರ ಜೊತೆ ಆಡುವಾಗಲೂ ಯಾರೂ ಮಂತ್ರಿಯನ್ನು ಹುಡುಕುವ ಗೋಜಿಗೆ ಹೋಗುತ್ತಿರಲಿಲ್ಲ. ಕಾಲಾಳು ತೆಗೆ, ಆನೆ ಹಿಡಿ, ಬೋರಲು ಹಾಕು. ಕ್ಲಬ್ಬಿನ ಹನ್ನೆರಡು ಜೊತೆ ಕೈಗಳಿಗೂ ಅದು ಅಭ್ಯಾಸವಾಗಿ ಹೋಗಿತ್ತು.

ಆ ಭಾನುವಾರ ವಾರ್ಷಿಕ ಪಂದ್ಯದ ಕೊನೆಯ ಸುತ್ತು. ಬಾಬಿನ್‌ಗೆ ಬಿಳಿ ಕಾಯಿ, ಭಾವನಿಗೆ ಕಪ್ಪು. ಭಾವ ಎಂದಿನಂತೆ ಆಡುವುದಕ್ಕಿಂತ ಹೆಚ್ಚಾಗಿ ಮಾತಾಡುತ್ತಿದ್ದರು. ಪಕ್ಕದ ಮೇಜಿನ ಜೆರಾಕ್ಸ್ ಅಂಗಡಿಯವನಿಗೆ ಆಟ ಹೇಳಿಕೊಡುತ್ತ, ಕಿಟಕಿಯಾಚೆ ಹಾರನ್ ಕೇಳಿದಾಗ "ಇದು ಎಂಟು ನಲವತ್ತರದ್ದು, ಒಂಬತ್ತೂ ಇಪ್ಪತ್ತಕ್ಕೆ ಬಂದಿದೆ ನೋಡಿ" ಎನ್ನುತ್ತ, ಒಂದು ಒಂಟೆಯನ್ನು ಕೈಯಾರೆ ಕಳೆದುಕೊಂಡರು. ಬಾಬಿನ್ ಮೊದಲು ನಂಬಲಿಲ್ಲ. ಏನೋ ಬಲೆಯಿರಬೇಕೆಂದು ಐದು ನಿಮಿಷ ಹುಡುಕಿದ. ಬಲೆಯಿರಲಿಲ್ಲ. ಒಂಟೆ ಸುಮ್ಮನೆ ಪುಕ್ಕಟೆಯಾಗಿ ನಿಂತಿತ್ತು. ಹೊಡೆದ.

ಭಾವ ಮಾತು ನಿಲ್ಲಿಸಿದರು. ಆಮೇಲೆ ಎರಡು ಗಂಟೆ ಹಲ್ಲು ಕಚ್ಚಿ ಆಡಿದರು. ಹೊಡೆದಾಟದಲ್ಲಿ ಎರಡೂ ಕಡೆಯ ಮಂತ್ರಿಗಳು ಹೋದವು. ಬಾಬಿನ್‌ನ ಮಂತ್ರಿ ಎಂದಿನಂತೆ ಭಾವನ ಜೇಬಿಗಿಳಿಯಿತು. ಆನೆಗಳು ಹೋದವು, ಕುದುರೆಗಳು ಹೋದವು, ಒಂಟೆಗಳೂ ಹೋದವು. ಬಾಬಿನ್‌ನ ಗಡಿಯಾರದಲ್ಲಿ ಒಂದು ನಿಮಿಷವೂ ಉಳಿಯದ ಹೊತ್ತಿಗೆ ಹಲಗೆಯ ಮೇಲಿದ್ದದ್ದು ಮೂರೇ ಕಾಯಿ: ಇಬ್ಬರ ಎರಡು ರಾಜರು, ಮತ್ತು ಬಾಬಿನ್‌ನ ಒಂದು ಕಾಲಾಳು. ಆ ಕಾಲಾಳಿಗೆ ಕೊನೆಯ ಮನೆ ಒಂದೇ ಹೆಜ್ಜೆ. ಬೇರೆ ಮೇಜುಗಳ ಆಟ ಮುಗಿದು ಎಲ್ಲರೂ ಇವರ ಸುತ್ತ ಕವಿದುಕೊಂಡಿದ್ದರು. ಪಣ ಏನೆಂಬುದು ಎಲ್ಲರಿಗೂ ಗೊತ್ತಿತ್ತು.

ಭಾವ ತಮ್ಮ ರಾಜನನ್ನು ಬೇಕೆಂದೇ ಹಲಗೆಯ ಅಂಚಿಗೆ ಸರಿಸಿದ್ದರು. ಜೇಬಿನ ಮೇಲೆ ಬೆರಳಿನಿಂದ ತಟ್ಟಿ, "ಮಂತ್ರಿ ಬೇಕೇನಪ್ಪಾ? ಬೇಗ ಹೇಳು, ಟೈಮಾಗ್ತಿದೆ" ಎಂದರು.

ಅದೇ ಅವರ ಕೊನೆಯ ಬಲೆ. ಅಲ್ಲಿ ಮಂತ್ರಿ ಬಂದರೆ ಭಾವನ ರಾಜನಿಗೆ ಚೆಕ್ಕೂ ಇರುವುದಿಲ್ಲ, ಕಾಲಿಡಲು ಒಂದು ಮನೆಯೂ ಇರುವುದಿಲ್ಲ. ಚದುರಂಗದಲ್ಲಿ ಹಾಗೆ ಮಿಸುಕಲಾಗದೆ ನಿಂತವನು ಸೋಲುವುದಿಲ್ಲ, ಆಟ ಡ್ರಾ ಆಗುತ್ತದೆ. ಬಾಬಿನ್‌ಗೆ ಅದು ಕಂಡಿತು. ಒಂಬತ್ತು ವರ್ಷದ ಪುಸ್ತಕಗಳು ಆ ಒಂದು ಕ್ಷಣಕ್ಕೆ ದಂಡವಾಗಲಿಲ್ಲ. ಮಂತ್ರಿ ಬೇಡ, ಆನೆ ಸಾಕು. ಆನೆಯನ್ನಿಟ್ಟರೆ ಭಾವನ ರಾಜ ಪಕ್ಕದ ಮನೆಗೆ ಸರಿಯಬೇಕು, ಮರುನಡೆಯಲ್ಲೇ ಆನೆ ಮೂಲೆಗೆ ಬಂದು ಆಟ ಮುಗಿಸುತ್ತದೆ. ದೊಡ್ಡದನ್ನು ಬಿಟ್ಟು ಸಣ್ಣದನ್ನು ಕೇಳುವ ನಡೆ. ಇದು ಹೊಳೆಯಬೇಕಾದರೆ ಆಟಗಾರನೇ ಆಗಿರಬೇಕು. ಹೆಂಡತಿಯ ಮುಖ ಕಣ್ಣ ಮುಂದೆ ಬಂತು. "ಆನೆ" ಎಂದು ತುಟಿಯಂಚಿನಲ್ಲಿ ಹೇಳಿ, ಕಾಲಾಳನ್ನು ಎತ್ತಿ, ಪಕ್ಕದಲ್ಲಿ ಬಿದ್ದಿದ್ದ ಆನೆಯನ್ನು ಹಿಡಿದು, ಟಕ್ಕೆಂದು ಇಟ್ಟು ಗಡಿಯಾರ ಒತ್ತಿದ.

ಆನೆ ಬೋರಲಾಗಿ ಕೂತಿತ್ತು.

ತಲೆ ಆನೆಯೆಂದಿತ್ತು, ಕೈ ಮಾತ್ರ ವರ್ಷಾನುಗಟ್ಟಲೆಯ ಅಭ್ಯಾಸದಂತೆ ಅದನ್ನು ತಿರುಗಿಸಿಬಿಟ್ಟಿತ್ತು. ಬಾಬಿನ್ ಅದನ್ನು ನೋಡಿದ. ಯಾರೋ ಬೇರೆಯವರು ಇಟ್ಟುಹೋದಂತೆ ನೋಡಿದ. ಕೈ ಚಾಚಿ ನೆಟ್ಟಗೆ ಮಾಡೋಣವೆಂದರೆ ಗಡಿಯಾರ ಒತ್ತಿಯಾಗಿದೆ, ಒತ್ತಿದ ಮೇಲೆ ನಡೆ ಮುಗಿದ ಹಾಗೆ.

"ಡ್ರಾ" ಎಂದರು ಭಾವ, ಹಿಂದಕ್ಕೆ ಒರಗಿ. "ಮಂತ್ರಿ ಇಟ್ಟಿದ್ದಾನೆ. ನನಗೆ ಚೆಕ್ ಇಲ್ಲ, ನಡೆಯೋಕೆ ಜಾಗಾನೂ ಇಲ್ಲ."

"ಇಲ್ಲ ಸೆಕ್ರೆಟರಿ, ಆನೆ ಅಂದ ಅವನು. ನನ್ನ ಕಿವಿಯಾರೆ ಕೇಳಿಸ್ಕೊಂಡಿದ್ದೀನಿ" ಎಂದ ಜೆರಾಕ್ಸ್ ಅಂಗಡಿಯವನು.

"ಕಿವಿ ಮೇಲೆ ನಡೆಯುತ್ತಾ ಕ್ಲಬ್ಬು? ಗೋಡೆ ಮೇಲೆ ಬರೆದಿದೆ, ಏಳನೇದು, ಓದ್ಕೊಳ್ಳಿ."

ಕ್ಲಬ್ಬಿನ ಅಧ್ಯಕ್ಷರು ಒಬ್ಬ ನಿವೃತ್ತ ಪಶುವೈದ್ಯರು. ಎಲ್ಲರಿಗೂ ಡಾಕ್ಟರು. ಕಡಿಮೆ ಮಾತಿನವರು, ಭಾವನಿಗೆ ಹೆದರದ ಒಬ್ಬರೇ ಒಬ್ಬರು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಬಗ್ಗಿ ಹಲಗೆ ನೋಡಿ, ಬಾಬಿನ್ ಕಡೆ ತಿರುಗಿದರು.

"ನೋಡಪ್ಪ, ನಮ್ಮ ಕ್ಲಬ್ಬಿನ ನಿಯಮ ಏನೇ ಇರಲಿ, ಹೊರಗಡೆ ಆನೆ ಹೇಗಿಟ್ಟರೂ ಆನೆಯೇ. ಮಂತ್ರಿಯನ್ನ ಜೇಬಿನಲ್ಲಿಟ್ಕೊಂಡು ಕೂತಿದ್ದು ಅವರ ತಪ್ಪು. ನೀನು ಯಾವುದು ಅಂತ ಇಟ್ಟೆ? ನೀನು ಹೇಳಿದ್ದನ್ನೇ ನಾನು ಬರ್ಕೋತೀನಿ."

ಬಾಬಿನ್ ಬಾಯಿ ತೆರೆದ. ಒಂದು ಪದ, ಎರಡೇ ಅಕ್ಷರ. ಅಷ್ಟರಲ್ಲಿ ಅವನ ಕಣ್ಣು ಭಾವನ ಮೇಲೆ ಬಿತ್ತು. ಭಾವ ಹುಬ್ಬು ಒಂದಿಷ್ಟು ಮೇಲೆತ್ತಿ, ತುಟಿಯ ಒಂದು ಬದಿಯಲ್ಲಿ ನಗುತ್ತಿದ್ದರು. ಮೂವತ್ತು ವರ್ಷದ ಹಿಂದೆ ಅಕ್ಕನನ್ನು ಮದುವೆಯಾಗಿ ಬಂದ ದಿನದಿಂದ ಅದೇ ನಗು.

"ಹೇಳಪ್ಪಾ, ಆನೆನಾ?" ಎಂದು ಡಾಕ್ಟರು ಎರಡನೆಯ ಸಲ ಕೇಳಿದರು.

ಹೌದೆಂದರೆ ಭಾವ ಮೇಜು ಗುದ್ದುತ್ತಾರೆ. ಮೋಸಗಾರ ಎನ್ನುತ್ತಾರೆ. ಅಕ್ಕ ಫೋನ್ ಮಾಡಿ ಅಳುತ್ತಾಳೆ. ಕ್ಲಬ್ಬಿನಲ್ಲಿ ಎರಡು ಪಕ್ಷವಾಗುತ್ತದೆ. ಇಷ್ಟೆಲ್ಲ ಅವನ ಮನಸ್ಸಿನಲ್ಲಿ ಮಿಂಚಿನಂತೆ ಓಡಿತು. ಹೆಂಡತಿಯ ಮುಖ ಮಾತ್ರ, ಯಾವುದು ಒಂದು ನಿಮಿಷದ ಹಿಂದೆ ಕಣ್ಣೆದುರೇ ಇತ್ತೋ ಅದು, ಎಲ್ಲಿಗೋ ಹೋಗಿಬಿಟ್ಟಿತ್ತು.

"ಕೊನೇ ಸಲ ಕೇಳ್ತಿದ್ದೀನಿ" ಎಂದರು ಡಾಕ್ಟರು. ಧ್ವನಿಯಲ್ಲಿ ಬೇಡಿಕೆಯಿತ್ತು.

"ಹೋಗ್ಲಿ ಬಿಡಿ ಡಾಕ್ಟ್ರೇ" ಎಂದ ಬಾಬಿನ್, ನಗುತ್ತ. "ನಿಯಮ ಇದೆಯಲ್ಲ. ಡ್ರಾ ಅಂತಲೇ ಬರ್ಕೊಳ್ಳಿ."

ಡಾಕ್ಟರು ಅವನ ಮುಖವನ್ನು ಹಾಗೆ ನೋಡಬಾರದಿತ್ತು. ಕಾಯಿಲೆ ಬಿದ್ದ ದನವನ್ನು ನೋಡಿ, ಇನ್ನು ಔಷಧಿ ದಂಡ ಎಂದು ತೀರ್ಮಾನಿಸುವಾಗ ಆ ನೋಟ ಅವರಿಗೆ ಬರುತ್ತಿದ್ದಿರಬೇಕು. ಚೀಟಿಯ ಮೇಲೆ ಇಬ್ಬರಿಗೂ ಅರ್ಧ, ಅರ್ಧ ಅಂಕ ಎಂದು ಬರೆದು ಎದ್ದುಹೋದರು. ಜೆರಾಕ್ಸ್ ಅಂಗಡಿಯವನು "ಥೂ" ಎಂದು ಕಿಟಕಿಯ ಕಡೆ ತಿರುಗಿದ.

ಬಾಬಿನ್‌ಗೆ ನಿಜವಾಗಿ ಅನ್ನಿಸಿದ್ದೇನು ಗೊತ್ತೇ? ಹಾಯೆನಿಸಿತು. ಬೆನ್ನ ಮೇಲಿನ ಮೂಟೆ ಇಳಿದ ಹಾಗೆ. ಅದರ ಮೇಲೆ ಸಣ್ಣದೊಂದು ಹೆಮ್ಮೆ ಬೇರೆ: ಒಂಬತ್ತು ವರ್ಷದಲ್ಲಿ ಮೊದಲ ಸಲ ಸೋಲದೆ ಎದ್ದಿದ್ದೇನೆ! ಭಾವನೂ ಖುಷಿಯಲ್ಲಿದ್ದರು. ಸೋಲಿನ ಬಾಯಿಂದ ತಪ್ಪಿಸಿಕೊಂಡವರಿಗೆ ಇರುವ ಖುಷಿ. ಮೆಟ್ಟಿಲಿಳಿಯುತ್ತ ಬಾಬಿನ್ ಹೆಗಲ ಮೇಲೆ ಕೈ ಹಾಕಿದರು.

"ಇವತ್ತು ಚೆನ್ನಾಗಿ ಆಡಿದೆ. ಮಾತು ಅಂದ್ರೆ ಮಾತು ನನಗೆ. ಗೆದ್ದಿದ್ರೆ ಪೂರ್ತಿ ಕ್ಷಮೆ. ಡ್ರಾ ಆಗಿದೆ, ಹಾಗಾಗಿ ಅರ್ಧ ಕ್ಷಮೆ. ನಡಿ, ಈಗಲೇ ಕೇಳಿಬಿಡ್ತೀನಿ. ಮಿಕ್ಕ ಅರ್ಧ ನಿನ್ನ ಹೆಂಡತಿ ನನ್ನ ಹತ್ರ ಕೇಳಲಿ. ಊಟದ ಮಧ್ಯ ಎದ್ದು ಹೋಗಿ ನಮ್ಮ ಮನೆಗೆ ಅವಮಾನ ಮಾಡಿದ್ದಾಳಲ್ಲ, ಅದಕ್ಕೆ. ಲೆಕ್ಕ ಸಮ."

ತಮಾಷೆಯೋ ನಿಜವೋ ತಿಳಿಯದೆ ಬಾಬಿನ್ ಮುಖ ನೋಡಿದ. ನಿಜವೇ ಆಗಿತ್ತು. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಏನೂ ಇಲ್ಲದ ಕಡೆ ಅರ್ಧವಾದರೂ ಬಂತಲ್ಲ! ದಾರಿಯುದ್ದಕ್ಕೂ ಅವನೇ ಮುಂದೆ, ಭಾವ ಹಿಂದೆ.

ಹೆಂಡತಿ ಬಾಗಿಲ ಪಕ್ಕದ ಕೋಣೆಯಲ್ಲಿ ಹೊಲಿಯುತ್ತಿದ್ದಳು. ಸೋಮವಾರ ಕೊಡಬೇಕಾದ ನರ್ಸುಗಳ ಸಮವಸ್ತ್ರದ ರಾಶಿ ಪಕ್ಕದಲ್ಲಿತ್ತು. ಗಂಡನ ಚಪ್ಪಲಿಯ ಸದ್ದಿನ ಜೊತೆ ಇನ್ನೊಂದು ಬೂಟಿನ ಸದ್ದು ಕೇಳಿ ತಲೆಯೆತ್ತಿದಳು. ಹೊಸ್ತಿಲಲ್ಲಿ ಭಾವನನ್ನು ಕಂಡ ತಕ್ಷಣ ಅವಳ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಅವಳು ಗಂಡನ ಕಡೆ ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ಬಾಬಿನ್‌ಗೆ ಚೆನ್ನಾಗಿ ತಿಳಿಯಿತು: ಗೆದ್ದಿರಾ? ನಿಜವಾಗಿಯೂ ಗೆದ್ದಿರಾ? ಅಷ್ಟು ಬೆಳಕು ಆ ಮುಖದಲ್ಲಿ ಅವನು ರಿಜಿಸ್ಟ್ರಾರ್ ಕಚೇರಿಯಲ್ಲಿ ಬಿಟ್ಟರೆ ಕಂಡಿರಲಿಲ್ಲ. ಅವನು ಬೇರೆ ಕಡೆ ನೋಡಿದ.

"ನೋಡಮ್ಮ, ಡ್ರಾ ಆಯ್ತು" ಎಂದು ಭಾವ ಶುರುಮಾಡಿದರು, ಬಾಗಿಲ ಚೌಕಟ್ಟಿಗೆ ಒರಗಿ. "ಆದ್ದರಿಂದ ಅರ್ಧ ಕ್ಷಮೆ. 'ಸೆಕೆಂಡ್ ಹ್ಯಾಂಡ್' ಅಂದಿದ್ದೆ. ಸೆಕೆಂಡ್ ಅನ್ನೋದನ್ನ ಹೇಗೆ ವಾಪಸ್ ತಗೊಳ್ಳಲಿ, ಅದು ಇರೋ ವಿಷಯ. ಹ್ಯಾಂಡ್ ಅನ್ನೋದನ್ನ ಮಾತ್ರ ವಾಪಸ್ ತಗೊಂಡಿದ್ದೀನಿ. ಸಾಕಾ?"

ಹೇಳಿ ತಾವೇ ಗಹಗಹಿಸಿದರು. ಬಾಬಿನ್‌ನ ತುಟಿ ತಾನಾಗಿ ಅಗಲವಾಯಿತು. ತಡೆಯುವಷ್ಟರಲ್ಲಿ ಹಲ್ಲು ಕಂಡಿತ್ತು. ಹೆಂಡತಿ ಅದನ್ನು ನೋಡಿದಳು.

"ಅಯ್ಯೋ, ಆಟ ಮಾತ್ರ ಏನು ಹೇಳಲಮ್ಮ!" ಭಾವನಿಗೆ ಇನ್ನೂ ಹೇಳುವುದಿತ್ತು. "ನಿನ್ನ ಗಂಡ ಗೆದ್ದೇಬಿಟ್ಟಿದ್ದ. ಆನೆ ಇಡೋಕೆ ಹೋಗಿ ಬೋರಲು ಹಾಕಿ ಮಂತ್ರಿ ಮಾಡ್ಕೊಂಡ. ಡಾಕ್ಟ್ರು ಹೇಳಿದ್ರು, ಆನೆ ಅಂತ ಒಂದು ಮಾತು ಹೇಳು, ಗೆದ್ದೆ ಅಂತ ಬರ್ಕೋತೀನಿ ಅಂತ. ಈ ಮಹಾನುಭಾವ, ಹೋಗ್ಲಿ ಬಿಡಿ ಡಾಕ್ಟ್ರೇ ಅಂದ!"

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ರಾಶಿಯ ಮೇಲಿಟ್ಟಳು.

"ಎಷ್ಟು ಸಲ ಕೇಳಿದ್ರು?" ಎಂದು ಗಂಡನನ್ನು ಕೇಳಿದಳು.

"ಒಂದೆರಡು ಸಲ" ಎಂದ ಬಾಬಿನ್.

"ಮೂರು ಸಲ ಕಣಮ್ಮ, ನಾನೇ ಎಣಿಸಿದ್ದೀನಿ!"

ಅವಳು ತಲೆಯಾಡಿಸಿದಳು. ಎದ್ದು, ಕುರ್ಚಿಯ ಮೇಲಿದ್ದ ದಾರದ ಉಂಡೆಗಳನ್ನು ತೆಗೆದು, ಸೆರಗಿನಿಂದ ಅದನ್ನು ಒರೆಸಿದಳು.

"ಬನ್ನಿ ಅಣ್ಣ, ಒಳಗೆ ಬನ್ನಿ. ಅಲ್ಲೇ ನಿಂತಿದ್ದೀರಲ್ಲ."

ಒಂಬತ್ತು ವರ್ಷದಿಂದ ಅವಳು ಈ ಮನುಷ್ಯನನ್ನು ಅಣ್ಣ ಎಂದಿರಲಿಲ್ಲ. ಅವಳ ಬಾಯಲ್ಲಿ ಅವರು 'ಅವರು' ಮಾತ್ರ. ಬಾಬಿನ್ ಎಲ್ಲ ಸರಿಹೋಯಿತು ಎಂದುಕೊಂಡ, ಪಾಪ. ಭಾವ ಗೆದ್ದವರ ಗತ್ತಿನಲ್ಲಿ ಬಂದು ಕೂತರು. ಅವಳು ಕಾಫಿ ತಂದುಕೊಟ್ಟಳು. ಒಂದೇ ಲೋಟ ತಂದಿದ್ದಳು.

"ನನ್ನ ಅರ್ಧ ನಾನು ಕೇಳಬೇಕಲ್ಲ ಅಣ್ಣ. ಅರ್ಧ ಯಾಕೆ, ಪೂರ್ತಿ ಕೇಳ್ತೀನಿ. ಊಟ ಬಿಟ್ಟು ಎದ್ದು ಬರಬಾರದಿತ್ತು. ಇಷ್ಟು ವರ್ಷ ನಿಮ್ಮ ಮೇಲೆ ಸಿಟ್ಟಿಟ್ಕೊಂಡಿದ್ದೂ ತಪ್ಪು. ನೀವು ಹೊರಗಿನವರು, ನಗೋದಕ್ಕೆ ಏನೋ ಒಂದು ಮಾತಾಡ್ತೀರಿ. ನಿಮ್ಮ ಹತ್ರ ನನಗೇನು ಬರಬೇಕಾಗಿತ್ತು?"

"ಇರ್ಲಿ ಬಿಡಮ್ಮ" ಎಂದರು ಭಾವ ಧಾರಾಳವಾಗಿ.

"ಮೊದಲನೆಯವನು ಇದ್ದನಲ್ಲ ಅಣ್ಣ, ಅವನು ನನ್ನನ್ನ ಹೊಡೀತಿದ್ದ. ಬೆಲ್ಟಲ್ಲಿ ಹೊಡೀತಿದ್ದ. ಈ ಭುಜ ಈಗಲೂ ಪೂರ್ತಿ ಮೇಲಕ್ಕೆ ಏಳಲ್ಲ." ಬೆಲೆಯೋ ಅಳತೆಯೋ ಹೇಳುವಷ್ಟು ಸಹಜವಾಗಿತ್ತು ಅವಳ ದನಿ. "ಒಂದು ಸಲ ಬಸ್ಸಲ್ಲಿ ಯಾರೋ ನನ್ನ ಬಗ್ಗೆ ಏನೋ ಒಂದು ಮಾತು ಅಂದ. ಸಣ್ಣ ಮಾತು. ಹಾಗಂದವನ ಹಲ್ಲು ಮುರಿಯೋವರೆಗೂ ಬಿಡಲಿಲ್ಲ ಆ ಕುಡುಕ. ಮನೆಗೆ ಬಂದು ನನಗೂ ಹೊಡೆದ, ಅದು ಬೇರೆ. ಇವರು ಒಂಬತ್ತು ವರ್ಷದಲ್ಲಿ ನನ್ನ ಮೇಲೆ ಬೆರಳೆತ್ತಿಲ್ಲ. ಯಾರ ಮೇಲೂ ಎತ್ತಿಲ್ಲ. ಇಬ್ಬರಲ್ಲಿ ಯಾರು ವಾಸಿ ಅಂತ ಇವತ್ತಿನವರೆಗೂ ನನಗೆ ಅನುಮಾನ ಇರಲಿಲ್ಲ."

ಭಾವ ಕಾಫಿಯ ಲೋಟದೊಳಗೆ ನೋಡಿದರು. ಅರ್ಧ ಕುಡಿದು ಲೋಟ ಕೆಳಗಿಟ್ಟು, ಡಿಪೋದಲ್ಲಿ ಕೆಲಸವಿದೆಯೆಂದು ಗೊಣಗಿ ಎದ್ದರು. ಭಾನುವಾರ ಅವರಿಗೆ ರಜೆಯೆಂಬುದು ಮೂವರಿಗೂ ಗೊತ್ತಿತ್ತು. ಬಾಗಿಲಲ್ಲಿ ಬಾಬಿನ್‌ನ ತೋಳು ಮುಟ್ಟಿ, "ಬರ್ತೀನಪ್ಪ. ಮನಸ್ಸಿಗೆ ಹಚ್ಕೋಬೇಡ" ಎಂದರು. ಅವರು ಅವನೊಡನೆ ನಗದೆ ಆಡಿದ ಮೊದಲ ಮಾತು ಅದು. ಅವರಿಗೂ ಅವನ ಮೇಲೆ ಕನಿಕರ ಹುಟ್ಟಿತ್ತು. ಬಾಬಿನ್‌ಗೆ ಇಡೀ ದಿನದಲ್ಲಿ ಅತ್ಯಂತ ಆಳವಾಗಿ ಚುಚ್ಚಿದ್ದು ಅದೇ.

ಬೂಟಿನ ಸದ್ದು ದೂರವಾಯಿತು. ಅವಳು ಮತ್ತೆ ಮಿಷಿನ್ನಿಗೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಬಾಬಿನ್ ಬಾಗಿಲ ಬಳಿಯೇ ನಿಂತಿದ್ದ. ಜೀವನದಲ್ಲಿ ಮೊದಲ ಸಲವೋ ಏನೋ ಅವನಿಗೆ ಸಿಟ್ಟು ಬಂದಿತ್ತು. ಭಾವನ ಮೇಲಲ್ಲ, ಡಾಕ್ಟರ ಮೇಲಲ್ಲ, ತನ್ನ ಕೈಯ ಮೇಲೂ ಅಲ್ಲ. ಅವನು ಸಿಟ್ಟು ತೀರಿಸಿಕೊಳ್ಳಬಹುದಾದವಳು ಮನೆಯಲ್ಲಿ ಒಬ್ಬಳೇ ಇದ್ದಳು.

"ಅವರೆದುರಿಗೆ ಹಾಗೆ ಹೇಳಬೇಕಿತ್ತಾ ನೀನು?" ಎಂದ. "ಆ ಕುಡುಕನ ಜೊತೆ ನನ್ನನ್ನ ತೂಗಿದೆಯಲ್ಲ. ಅದೂ ಭಾವನ ಮುಂದೆ. ನನಗೆಷ್ಟು ಅವಮಾನ ಆಯ್ತು ಗೊತ್ತಾ ನಿನಗೆ?"

ಅವಳು ದಾರದ ತುದಿಯನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು. ಅವನ ಕಡೆ ತಿರುಗಿ, ಕಣ್ಣಿಗೆ ಕಣ್ಣು ಕೊಟ್ಟು, "ತಪ್ಪಾಯ್ತು ರೀ. ಕ್ಷಮಿಸಿ" ಎಂದಳು.

ಬಾಬಿನ್ ತಬ್ಬಿಬ್ಬಾದ.

"ನೋಡಿದ್ರಾ?" ಎಂದಳು ಅವಳು. "ಇಷ್ಟೇ ಹೊತ್ತು ಹಿಡಿಯೋದು."

ಆಮೇಲೆ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿ, "ಕೈ ತೊಳ್ಕೊಳ್ಳಿ, ಈ ತೋಳೊಂದು ಮುಗಿಸಿ ಬಡಿಸ್ತೀನಿ" ಎಂದು ಪೆಡಲ್ ತುಳಿಯತೊಡಗಿದಳು.